ಚಕ್ರ, ನಾಬ್, ಹ್ಯಾಂಡಲ್: ಸಡಿಲವಾಗದಂತೆ ಕೂರಿಸುವುದು ಹೇಗೆ?

ಟೀಪಾಯಿಗೆ ಹಾಕಿಸಿದ ಚಕ್ರ ಎರಡೇ ತಿಂಗಳಲ್ಲಿ ವಾಲಿಕೊಂಡಿತು, ಏನು ಮಾಡೋದು? ಡ್ರಾಯರ್ ನಾಬ್ ಎಷ್ಟು ಬಿಗಿ ಮಾಡಿದರೂ ಗಿರಗಿರ ತಿರುಗುತ್ತದೆ, ಯಾಕೆ? ಬೀರುವಿನ ಹ್ಯಾಂಡಲ್ ಸ್ಕ್ರೂ ಸಮೇತ ಕೈಗೆ ಬಂತು, ಮತ್ತೆ ಅದೇ ತೂತಿಗೆ ಹಾಕಬಹುದಾ? ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಇಂಥ ದೂರುಗಳಲ್ಲಿ ಚಕ್ರವೋ ನಾಬೋ ಕೆಟ್ಟಿರುವುದು ಕಮ್ಮಿ. ಕೆಟ್ಟಿರುವುದು ಅದನ್ನು ಹಲಗೆಗೆ ಹಿಡಿದಿಟ್ಟಿದ್ದ ಜಾಗ. ಚಕ್ರಕ್ಕೆ ಸಾವಿರ ರೂಪಾಯಿ ಕೊಟ್ಟು ಸ್ಕ್ರೂ ಮಾತ್ರ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ಆ ಸಾವಿರ ದಂಡ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಹಲಗೆ ನೋಡಿ. ಅದು ಯಾವ ಹಲಗೆ, ಎಷ್ಟು ದಪ್ಪ ಎಂಬುದು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಕೈಗೆ ಏನೇನು ಬೇಕು

ಟೇಪು, ಮಿಲಿಮೀಟರ್ ಗೆರೆ ಇರುವ ಉಕ್ಕಿನ ಸ್ಕೇಲು, ಪೆನ್ಸಿಲ್. ಡ್ರಿಲ್ ಮೆಷಿನ್, ಜೊತೆಗೆ 2.5, 3, 4.5, 8 ಮತ್ತು 10 ಮಿ.ಮೀ. ಬಿಟ್‌ಗಳು. ಸ್ಟಾರ್ ಸ್ಕ್ರೂಡ್ರೈವರ್, ಸ್ಪ್ಯಾನರ್, ಅಲೆನ್ ಕೀ (ಎಲ್ ಆಕಾರದ ಆರುಮೂಲೆ ಕಡ್ಡಿ), ಸುತ್ತಿಗೆ. ತೂತಿನ ಜಾಗಕ್ಕೆ ಚುಚ್ಚಿ ಗುರುತು ಮಾಡಲು ದಬ್ಬಳ ಅಥವಾ ಚೂಪು ಮೊಳೆ. ಮಾಸ್ಕಿಂಗ್ ಟೇಪು. ಒಂದೆರಡು ಬೇಡದ ಪ್ಲೈವುಡ್ ತುಂಡು. ಕಣ್ಣಿಗೆ ಕನ್ನಡಕ ಇರಲಿ. ತಲೆ ಮೇಲೆ ಹಲಗೆ ಇಟ್ಟುಕೊಂಡು ಕೆಳಗಿನಿಂದ ಡ್ರಿಲ್ ಮಾಡುವಾಗ ಪುಡಿ ನೇರ ಕಣ್ಣಿಗೇ ಬೀಳುತ್ತದೆ.

ಡ್ರಿಲ್ ಮೆಷಿನ್‌ನಲ್ಲಿ ಸುತ್ತಿಗೆ ಚಿತ್ರದ ಗುಂಡಿ ಇದ್ದರೆ ಅದನ್ನು ಆಫ್ ಮಾಡಿ. ಅದು ಗೋಡೆಗೆ, ಮರಕ್ಕಲ್ಲ.

1. ಹಲಗೆ ಯಾವುದು ಅಂತ ಪತ್ತೆ ಮಾಡಿ

ಮೇಲೆ ಮೈಕಾ ಅಂಟಿಸಿದ್ದರೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಬೀರುವಿನ ಬಾಗಿಲಾದರೆ ಹಿಂಜ್‌ನ ಎರಡು ಸ್ಕ್ರೂ ಬಿಚ್ಚಿ. ಅದರ ಬಟ್ಟಲು ಕೂತಿರುವ 35 ಮಿ.ಮೀ. ಅಗಲದ ಗುಂಡಿಯ ಅಂಚು ನೋಡಿ. ಅಲ್ಲಿ ಹಲಗೆಯ ಒಳಮೈ ಬೆತ್ತಲೆಯಾಗಿ ಕಾಣುತ್ತದೆ. ಪದರ ಪದರವಾಗಿ ಗೆರೆ ಕಂಡರೆ ಪ್ಲೈವುಡ್. ಮರದ ಚೂರುಗಳನ್ನು ಒತ್ತಿ ಅಂಟಿಸಿದ ಹಾಗಿದ್ದು, ಉಗುರಿನಲ್ಲಿ ಕೆರೆದರೆ ಚೂರು ಉದುರಿದರೆ ಪಾರ್ಟಿಕಲ್ ಬೋರ್ಡ್. ಪದರವೂ ಇಲ್ಲ, ಚೂರೂ ಇಲ್ಲ, ದಪ್ಪ ರಟ್ಟಿನಂತೆ ನುಣ್ಣಗೆ ಕಂದು ಬಣ್ಣದಲ್ಲಿದ್ದರೆ ಎಂಡಿಎಫ್ (ಮರದ ಸಣ್ಣ ನಾರನ್ನು ಅಂಟು ಸೇರಿಸಿ ಒತ್ತಿದ ಹಲಗೆ). ತೇಗ, ಹೊನ್ನೆ, ಹಲಸು ಇವೆಲ್ಲ ಗಟ್ಟಿ ಮರ. ನಾರು ಉದ್ದಕ್ಕೆ ಓಡಿರುವುದು ಕಣ್ಣಿಗೇ ಕಾಣುತ್ತದೆ.

ಸ್ಕ್ರೂ ಹಿಡಿಯುವ ಶಕ್ತಿ ಒಂದೊಂದರಲ್ಲಿ ಒಂದೊಂದು ಥರ. ಗಟ್ಟಿ ಮರದ ಅಗಲದ ಮೈಗೆ ಹಾಕಿದ ಸ್ಕ್ರೂ ಚೆನ್ನಾಗಿ ಕಚ್ಚುತ್ತದೆ. ಪ್ಲೈವುಡ್‌ನ ಮೈಯೂ ಪರವಾಗಿಲ್ಲ, ಆದರೆ ಅದರ ಅಂಚಿಗೆ ಹಾಕಿದರೆ ಪದರ ಬಿಚ್ಚಿಕೊಳ್ಳುತ್ತದೆ. ಪಾರ್ಟಿಕಲ್ ಬೋರ್ಡ್ ಎಲ್ಲಕ್ಕಿಂತ ದುರ್ಬಲ. ಅದರಲ್ಲಿ ಸ್ಕ್ರೂ ಒಮ್ಮೆ ಬಿಚ್ಚಿ ಮತ್ತೆ ಹಾಕಿದರೂ ಹಿಡಿತ ಕಮ್ಮಿಯಾಗುತ್ತದೆ. ನೀವು ರೆಡಿಮೇಡ್ ಆಗಿ ತಂದ ಟೇಬಲ್ ಅಥವಾ ಬೀರು ಬಹುಶಃ ಇದೇ ಜಾತಿಯದು. ಅದಕ್ಕೆ ಚಕ್ರ ಹಾಕುವ ವಿಧಾನವೇ ಬೇರೆ, ಮುಂದೆ ಹೇಳುತ್ತೇನೆ.

ದಪ್ಪವನ್ನೂ ಅಳೆದು ಬರೆದಿಟ್ಟುಕೊಳ್ಳಿ. 18 ಮಿ.ಮೀ. ಪ್ಲೈವುಡ್‌ನ ಎರಡೂ ಕಡೆ ಮೈಕಾ ಅಂಟಿಸಿದರೆ 20 ಮಿ.ಮೀ. ಹತ್ತಿರ ಬರುತ್ತದೆ. ಈ ಎರಡು ಮಿಲಿಮೀಟರ್ ನಾಬ್ ಸ್ಕ್ರೂ ಆರಿಸುವಾಗ ಲೆಕ್ಕಕ್ಕೆ ಬರುತ್ತದೆ.

2. ಅಂಗಡಿಯಲ್ಲಿ ಕೇಳಬೇಕಾದ ಹೆಸರುಗಳು

ವುಡ್ ಸ್ಕ್ರೂ ಎಂದರೆ ತುದಿ ಚೂಪಾಗಿ, ಸುತ್ತುಗಳು ದೂರ ದೂರ ಇರುವ ತಿರುಪು. ಅದು ಮರವನ್ನೇ ಕೊರೆದು ಹಿಡಿಯುತ್ತದೆ. ಮಷಿನ್ ಸ್ಕ್ರೂ ತುದಿ ಮೊಂಡು, ಸುತ್ತು ಹತ್ತಿರ ಹತ್ತಿರ. ಅದು ಮರವನ್ನು ಹಿಡಿಯುವುದಿಲ್ಲ, ಎದುರಿಗೆ ನಟ್ ಅಥವಾ ಸುತ್ತು ಕೊರೆದ ತೂತು ಬೇಕು. ನಾಬ್, ಹ್ಯಾಂಡಲ್ ಜೊತೆ ಬರುವುದು ಇದೇ. ಸಾಮಾನ್ಯ ಅಳತೆ ಎಂ4, ಅಂದರೆ 4 ಮಿ.ಮೀ. ದಪ್ಪ.

ಟಿ-ನಟ್ ಅಂತ ಇನ್ನೊಂದಿದೆ. ಒಂದು ದುಂಡು ತಗಡು, ಮಧ್ಯೆ ಸುತ್ತು ಕೊರೆದ ಚಿಕ್ಕ ಕೊಳವೆ, ತಗಡಿನ ಅಂಚಲ್ಲಿ ಕೊಳವೆಯ ಕಡೆಗೇ ಬಾಗಿದ ನಾಲ್ಕು ಹಲ್ಲು. ಕೊಳವೆ ತೂತಿನೊಳಗೆ ಇಳಿಯುತ್ತದೆ, ಹಲ್ಲುಗಳು ಮರಕ್ಕೆ ಕಚ್ಚಿ ನಟ್ ತಿರುಗದಂತೆ ತಡೆಯುತ್ತವೆ. ಬೋಲ್ಟ್ ಇರುವ ಚಕ್ರವನ್ನು ಹಲಗೆಗೆ ಹಾಕಲು ಇದಕ್ಕಿಂತ ಒಳ್ಳೆಯ ಅಗ್ಗದ ಉಪಾಯ ಇಲ್ಲ.

ಇನ್ಸರ್ಟ್ ನಟ್‌ಗೆ ಒಳಗೂ ಸುತ್ತು, ಹೊರಗೂ ಸುತ್ತು. ಹೊರಗಿನದು ಮರಕ್ಕೆ, ಒಳಗಿನದು ಬೋಲ್ಟ್‌ಗೆ. ಹಿಂದಿನಿಂದ ಕೈ ಹಾಕಲಾಗದ ಕಡೆ, ಉದಾಹರಣೆಗೆ ಮೇಜಿನ ಗಟ್ಟಿ ಕಾಲಿಗೆ, ಇದೇ ಬೇಕು. ಹ್ಯಾಂಗರ್ ಬೋಲ್ಟ್ ಎಂದರೆ ತಲೆಯೇ ಇಲ್ಲದ ಕಡ್ಡಿ. ಒಂದು ತುದಿ ವುಡ್ ಸ್ಕ್ರೂ, ಇನ್ನೊಂದು ತುದಿ ಬೋಲ್ಟ್. ಸೋಫಾ ಕಾಲುಗಳಲ್ಲಿ ನೋಡಿರುತ್ತೀರಿ. ನೈಲಾಕ್ ನಟ್ ಒಳಗೆ ಪ್ಲಾಸ್ಟಿಕ್ ಬಳೆ ಇರುತ್ತದೆ, ಅಲುಗಾಟಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಚಕ್ರದ ಕೆಲಸಕ್ಕೆ ಮಾಮೂಲಿ ನಟ್ ಬಿಟ್ಟು ಇದನ್ನೇ ಕೇಳಿ.

ಹಳೇ ಅಂಗಡಿಗಳಲ್ಲಿ, ಮರಗೆಲಸದವರ ಬಾಯಲ್ಲಿ "ಸೂತ್" ಅನ್ನೋ ಅಳತೆ ಇನ್ನೂ ಇದೆ. ಒಂದು ಇಂಚಿಗೆ ಎಂಟು ಸೂತ್. "ಮೂರು ಸೂತ್ ಬೋಲ್ಟ್" ಅಂದರೆ 3/8 ಇಂಚು, ಸುಮಾರು 9.5 ಮಿ.ಮೀ. ಅದು ಎಂ10 ಅಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಸುತ್ತು ಹೊಂದುವುದಿಲ್ಲ. ಚಕ್ರ ಕೊಳ್ಳುವಾಗಲೇ ಅದರ ಬೋಲ್ಟ್‌ಗೆ ಟಿ-ನಟ್ ಅಥವಾ ಇನ್ಸರ್ಟ್ ನಟ್ ಹಾಕಿ, ಬೆರಳಿನಲ್ಲೇ ಪೂರ್ತಿ ತಿರುಗಿಸಿ ನೋಡಿ. ಸಲೀಸಾಗಿ ಕೊನೆಯವರೆಗೆ ಹೋದರೆ ಮಾತ್ರ ದುಡ್ಡು ಕೊಡಿ.

ಅಮೆರಿಕದಲ್ಲಿರುವ ಕನ್ನಡಿಗರು ಊರಿಗೆ ಬರುವಾಗ ಚೆಂದದ ನಾಬ್‌ಗಳನ್ನು ತರುವುದುಂಟು, ಇಲ್ಲಿಂದ ಹಿತ್ತಾಳೆ ನಾಬ್ ಕೊಂಡು ಹೋಗುವುದೂ ಉಂಟು. ಎರಡು ಕಡೆಗೂ ಒಂದೇ ತೊಂದರೆ. ಅಲ್ಲಿನ ನಾಬ್‌ಗಳ ಸುತ್ತು 8-32 ಎಂಬ ಅಳತೆಯದು, ಇಂಚಿಗೆ 32 ಸುತ್ತು. ನಮ್ಮ ಎಂ4 ಸ್ಕ್ರೂ ಒಂದು ಸುತ್ತಿಗೆ 0.7 ಮಿ.ಮೀ. ಮುಂದೆ ಹೋಗುತ್ತದೆ, ಅಲ್ಲಿನದು ಸುಮಾರು 0.8. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಮೂರ್ನಾಲ್ಕು ಸುತ್ತು ಹೋದ ಹಾಗೆ ಮಾಡಿ ಬಿಗಿಯುತ್ತದೆ. ಅಲ್ಲೇ ನಿಲ್ಲಿಸಿ. ಬಲ ಹಾಕಿದರೆ ನಾಬ್‌ನ ಸುತ್ತು ಸವೆದು ಯಾವ ಸ್ಕ್ರೂಗೂ ಆಗದೆ ಹೋಗುತ್ತದೆ.

3. ಚಕ್ರ ಆರಿಸುವುದು

ಭಾರದ ಲೆಕ್ಕದಿಂದ ಶುರು ಮಾಡಿ. ಪೀಠೋಪಕರಣದ ತೂಕ, ಅದರಲ್ಲಿ ತುಂಬುವ ಸಾಮಾನಿನ ತೂಕ, ಎರಡೂ ಸೇರಿಸಿ. ನಾಲ್ಕು ಚಕ್ರ ಹಾಕುತ್ತಿದ್ದರೂ ಮೂರರಿಂದ ಭಾಗಿಸಿ. ನೆಲ ಎಲ್ಲಿಯೂ ಪೂರ್ತಿ ಸಮ ಇರುವುದಿಲ್ಲ, ಹೊಸಿಲು ದಾಟುವಾಗಂತೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಆಗ ಭಾರವೆಲ್ಲ ಮೂರರ ಮೇಲೆ. ಒಟ್ಟು 90 ಕೆ.ಜಿ. ಇದ್ದರೆ ಒಂದೊಂದು ಚಕ್ರ ಕನಿಷ್ಠ 30 ಕೆ.ಜಿ. ತಡೆಯಬೇಕು. ಅಡುಗೆ ಗ್ಯಾಸ್ ಸಿಲಿಂಡರ್ ಟ್ರಾಲಿ ಮಾಡುವವರಿಗೆ: 14.2 ಕೆ.ಜಿ. ಎನ್ನುವುದು ಒಳಗಿನ ಗ್ಯಾಸ್ ಮಾತ್ರ. ಸಿಲಿಂಡರಿನ ಸ್ವಂತ ತೂಕ ಸೇರಿದರೆ ಸುಮಾರು 30 ಕೆ.ಜಿ. ಆಗುತ್ತದೆ.

ಆಮೇಲೆ ನೆಲ. ಗಟ್ಟಿ ನೆಲಕ್ಕೆ ಮೆತ್ತನೆ ಚಕ್ರ, ಕಾರ್ಪೆಟ್‌ನಂಥ ಮೆತ್ತನೆ ನೆಲಕ್ಕೆ ಗಟ್ಟಿ ಚಕ್ರ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಮರದ ನೆಲ ಇದ್ದರೆ ಪಿಯು (ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್) ಚಕ್ರ ತೆಗೆದುಕೊಳ್ಳಿ. ಸದ್ದು ಕಮ್ಮಿ, ಗೀರು ಬೀಳುವುದಿಲ್ಲ. ನೈಲಾನ್ ಚಕ್ರ ಅಗ್ಗ, ಭಾರವನ್ನೂ ತಡೆಯುತ್ತದೆ, ಆದರೆ ಅದರಡಿ ಒಂದು ಮರಳು ಕಣ ಸಿಕ್ಕಿದರೂ ನೆಲದ ಮೇಲೆ ಗೆರೆ ಎಳೆದುಬಿಡುತ್ತದೆ. ಕಪ್ಪು ರಬ್ಬರ್ ಚಕ್ರ ಒಂದೇ ಕಡೆ ಬಹಳ ದಿನ ನಿಂತರೆ ಕಲೆ ಬಿಡಬಹುದು. ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ನೈಲಾನ್, ಕಪ್ಪು ರಬ್ಬರ್ ಎರಡೂ ಬೇಡ. ಆ ಹೊಳಪು ಒಮ್ಮೆ ಹೋದರೆ ಮತ್ತೆ ತರುವವರು ಸಿಗುವುದು ಕಷ್ಟ.

ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ. ಆ ಎರಡನ್ನು ಕೈಗೆ, ಕಾಲಿಗೆ ಸಿಗುವ ಮುಂದಿನ ಬದಿಗೆ ಹಾಕಿ.

ಎತ್ತರದ ಪುಸ್ತಕದ ಕಪಾಟಿಗೆ, ಬಟ್ಟೆ ಬೀರುವಿಗೆ ಚಕ್ರ ಹಾಕಬೇಡಿ. ಯಾರು ಕೇಳಿದರೂ ನಾನು ಬೇಡ ಎಂದೇ ಹೇಳುತ್ತೇನೆ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತುತ್ತಾರೆ, ಇಡೀ ಬೀರು ಮುಂದಕ್ಕೆ ಬರುತ್ತದೆ. ಅಂಥವನ್ನು ಗೋಡೆಗೆ ಬಿಗಿಯಬೇಕು, ಚಕ್ರದ ಮೇಲೆ ನಿಲ್ಲಿಸಬಾರದು. ಟೀಪಾಯಿ, ಗಿಡದ ಕುಂಡದ ಹಲಗೆ, ಅಡುಗೆಮನೆ ಟ್ರಾಲಿ, ದಿವಾನದ ಕೆಳಗಿನ ಪೆಟ್ಟಿಗೆ, ಇವಕ್ಕೆ ಚಕ್ರ ಸರಿ.

4. ತಟ್ಟೆ ಇರುವ ಚಕ್ರ ಹಾಕುವುದು

ಮೇಲೆ ಚೌಕದ ತಗಡು, ಅದರಲ್ಲಿ ನಾಲ್ಕು ತೂತು ಇರುವ ಚಕ್ರ ಇದು. ಮೊದಲ ಸಲ ಕೆಲಸ ಮಾಡುವವರಿಗೆ ಇದೇ ಒಳ್ಳೆಯದು.

ಪೀಠೋಪಕರಣ ಮಗುಚಿ ಹಾಕಿ. ಚಕ್ರವನ್ನು ಮೂಲೆಯಲ್ಲಿಟ್ಟು ಒಂದು ಸುತ್ತು ತಿರುಗಿಸಿ. ಅದು ಅಂಚಿನಿಂದ ಆಚೆ ಬರುತ್ತದಾ, ಯಾವುದಾದರೂ ಪಟ್ಟಿಗೆ ತಾಗುತ್ತದಾ ನೋಡಿ. ತಾಗದ ಹಾಗೆ ಒಳಗೆ ಸರಿಸಿ, ಆದರೆ ತೀರಾ ಒಳಗೂ ಬೇಡ. ಚಕ್ರಗಳು ಹತ್ತಿರ ಬಂದಷ್ಟೂ ಉರುಳುವ ಅಪಾಯ ಜಾಸ್ತಿ. ಜಾಗ ಸರಿಯಾದ ಮೇಲೆ ತಟ್ಟೆಯ ತೂತುಗಳ ಮಧ್ಯೆ ದಬ್ಬಳದಿಂದ ಚುಚ್ಚಿ. ಪೆನ್ಸಿಲ್ ಗುರುತಿನ ಮೇಲೆ ಬಿಟ್ ಜಾರುತ್ತದೆ, ಚುಚ್ಚಿದ ಗುಳಿಯಲ್ಲಿ ಜಾರುವುದಿಲ್ಲ.

ಸಾಧ್ಯವಿದ್ದರೆ ಆರುಪಾರು ಬೋಲ್ಟ್, ಅಂದರೆ ಹಲಗೆಯನ್ನು ಪೂರ್ತಿ ದಾಟಿ ಆಚೆ ನಟ್ ಹಾಕುವ ಬೋಲ್ಟ್ ಹಾಕಿ. ಇಷ್ಟು ಗಟ್ಟಿ ಇನ್ನೊಂದಿಲ್ಲ. 18 ಮಿ.ಮೀ. ಹಲಗೆ, ಎರಡೂವರೆ ಮಿ.ಮೀ. ತಟ್ಟೆ, ವಾಷರ್, ನೈಲಾಕ್ ನಟ್ ಎಲ್ಲ ಸೇರಿ ಎಂ6 ಬೋಲ್ಟ್ 30 ಮಿ.ಮೀ. ಉದ್ದ ಬೇಕು. ಬೋಲ್ಟ್ ತಲೆ ಒಳಗಡೆ, ಅಂದರೆ ಸಾಮಾನಿಡುವ ಕಡೆ ಬರಲಿ. ನಟ್ ಚಕ್ರದ ಕಡೆ. ಆಗ ಬಟ್ಟೆ, ಕೈ ಯಾವುದಕ್ಕೂ ಚುಚ್ಚುವುದಿಲ್ಲ. ತಲೆಯ ಕೆಳಗೆ ಅಗಲ ವಾಷರ್ ಹಾಕಿ; ಇಲ್ಲದಿದ್ದರೆ ಬಿಗಿ ಮಾಡುತ್ತಾ ಹೋದಂತೆ ತಲೆ ಹಲಗೆಯೊಳಗೆ ಹೂತುಹೋಗುತ್ತದೆ.

ಬೋಲ್ಟ್ ಸಾಧ್ಯವಿಲ್ಲದಿದ್ದರೆ ವುಡ್ ಸ್ಕ್ರೂ. ನಂಬರ್ 8 ಸ್ಕ್ರೂ, ಸುಮಾರು 4.2 ಮಿ.ಮೀ. ದಪ್ಪ. 19 ಮಿ.ಮೀ. ಉದ್ದದ್ದು ಹಾಕಿದರೆ ತಟ್ಟೆಯ ಎರಡೂವರೆ ಕಳೆದು 16.5 ಮಿ.ಮೀ. ಹಲಗೆಯೊಳಗೆ ಹೋಗುತ್ತದೆ. 18ರ ಹಲಗೆಯಲ್ಲಿ ತುದಿ ಆಚೆ ಇಣುಕುವುದಿಲ್ಲ. ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು ಮಾಡಿಕೊಳ್ಳಿ. ಬಿಟ್‌ನ ತುದಿಯಿಂದ 14 ಮಿ.ಮೀ. ಮೇಲೆ ಮಾಸ್ಕಿಂಗ್ ಟೇಪು ಸುತ್ತಿ. ಟೇಪು ಹಲಗೆಗೆ ಮುಟ್ಟಿದ ತಕ್ಷಣ ನಿಲ್ಲಿಸಿ. ಈ ಮುಂಗಡ ತೂತು ಮಾಡದೆ ನೇರ ಸ್ಕ್ರೂ ತಿರುಗಿಸಿದರೆ ಗಟ್ಟಿ ಮರ ಸೀಳುತ್ತದೆ, ಪ್ಲೈವುಡ್‌ನ ಪದರ ಉಬ್ಬುತ್ತದೆ.

ಇಲ್ಲಿ ಬಹಳ ಜನ ತಪ್ಪುವುದು ಸ್ಕ್ರೂವಿನ ತಲೆಯಲ್ಲಿ. ಅಂಗಡಿಯಲ್ಲಿ ಸುಮ್ನೆ "ಸ್ಕ್ರೂ ಕೊಡಿ" ಅಂದರೆ ಸಾಮಾನ್ಯವಾಗಿ ಸಿಎಸ್‌ಕೆ ಕೊಡುತ್ತಾರೆ, ಅಂದರೆ ತಲೆ ಮೇಲೆ ಚಪ್ಪಟೆ, ಕೆಳಗೆ ಶಂಕುವಿನಂತೆ ಇಳಿಜಾರು. ಅದು ಮರದೊಳಗೆ ಮುಳುಗಿ ಕೂರಲು ಮಾಡಿದ್ದು. ತಗಡಿನ ನೇರ ತೂತಿಗೆ ಹಾಕಿದರೆ ಇಳಿಜಾರಿನ ಅಂಚು ಮಾತ್ರ ತಾಗುತ್ತದೆ. ಚಕ್ರ ಓಡಾಡುತ್ತಾ ಓಡಾಡುತ್ತಾ ಸ್ಕ್ರೂ ಸಡಿಲವಾಗುತ್ತದೆ. ಪ್ಯಾನ್ ಹೆಡ್ ಕೇಳಿ. ಅದರ ತಲೆಯ ಅಡಿ ಸಪಾಟ ಇರುತ್ತದೆ, ತಟ್ಟೆಯ ಮೇಲೆ ಪೂರ್ತಿ ಕೂರುತ್ತದೆ.

ನಾಲ್ಕು ಸ್ಕ್ರೂಗಳನ್ನೂ ಅರ್ಧರ್ಧ ಹಾಕಿ, ಆಮೇಲೆ ಎದುರು ಬದುರು ಮೂಲೆಗಳಂತೆ ಬಿಗಿ ಮಾಡಿ. ಕೊನೆಯ ಎರಡು ಸುತ್ತು ಮೆಷಿನ್ ಬಿಟ್ಟು ಕೈಯಲ್ಲೇ ಮಾಡಿ. ಸ್ಕ್ರೂ ಬಿಗಿಯಾಗಿ ನಿಂತಿದ್ದು ಕೈಗೆ ಗೊತ್ತಾಗುತ್ತದೆ. ಅದರ ಮೇಲೂ ತಿರುಗಿಸಿದರೆ ಒಳಗಿನ ಮರ ಪುಡಿಯಾಗಿ ಹಿಡಿತವೇ ಹೋಗುತ್ತದೆ.

ಪಾರ್ಟಿಕಲ್ ಬೋರ್ಡ್ ಆದರೆ ನೇರ ಅದಕ್ಕೆ ಚಕ್ರ ಹಾಕಲೇಬೇಡಿ. ಪ್ರತಿ ಮೂಲೆಗೂ 18 ಮಿ.ಮೀ. ಪ್ಲೈವುಡ್‌ನ ಒಂದು ತುಂಡು, ತಟ್ಟೆಗಿಂತ ಸುತ್ತಲೂ ಎರಡು ಇಂಚು ದೊಡ್ಡದು, ಅಂಟು ಹಚ್ಚಿ ಸ್ಕ್ರೂ ಹಾಕಿ ಕೂರಿಸಿ. ಅಡಿ ಹಲಗೆಯ ಮೇಲೆ ಮೈಕಾ ಇದ್ದರೆ ಅಂಟು ಹಿಡಿಯುವುದಿಲ್ಲ, ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿಕೊಳ್ಳಿ. ಒಂದು ದಿನ ಒಣಗಲಿ. ಆಮೇಲೆ ಪ್ಲೈವುಡ್‌ಗೆ ಚಕ್ರ ಹಾಕಿ. ಭಾರ ಹಂಚಿ ಹೋಗುತ್ತದೆ, ಸ್ಕ್ರೂಗೂ ಕಚ್ಚಲು ಏನೋ ಸಿಗುತ್ತದೆ.

5. ಬೋಲ್ಟ್ ಇರುವ ಚಕ್ರ ಹಾಕುವುದು

ತಟ್ಟೆಯ ಬದಲು ಮೇಲೆ ಎಂ8 ಅಥವಾ ಎಂ10 ಬೋಲ್ಟ್ ಇರುವ ಚಕ್ರ. ತಟ್ಟೆಗೆ ಜಾಗವಿಲ್ಲದ ಕಡೆ ಉಪಯೋಗ.

ಹಲಗೆಗಾದರೆ ಟಿ-ನಟ್. ಎಂ6ಕ್ಕೆ 8 ಮಿ.ಮೀ., ಎಂ8ಕ್ಕೆ 10 ಮಿ.ಮೀ., ಎಂ10ಕ್ಕೆ 12 ಮಿ.ಮೀ. ತೂತು ಸಾಮಾನ್ಯವಾಗಿ ಹೊಂದುತ್ತದೆ. ಆದರೂ ತಯಾರಕರಿಂದ ತಯಾರಕರಿಗೆ ಕೊಳವೆಯ ದಪ್ಪ ಸ್ವಲ್ಪ ಆಚೀಚೆ ಆಗುತ್ತದೆ, ಬೇಡದ ತುಂಡಿನಲ್ಲಿ ಒಮ್ಮೆ ನೋಡಿ. ತೂತು ಅಂಚಿನಿಂದ ಕನಿಷ್ಠ 25 ಮಿ.ಮೀ. ಒಳಗಿರಲಿ, ಇಲ್ಲದಿದ್ದರೆ ಹಲ್ಲು ಇಳಿಯುವಾಗ ಹಲಗೆ ಸೀಳುತ್ತದೆ.

ಟಿ-ನಟ್ ಕೂರಬೇಕಾದ್ದು ಚಕ್ರದ ಎದುರು ಬದಿಗೆ. ಹಲಗೆಯ ಕೆಳಗೆ ಚಕ್ರ ಇದ್ದರೆ ನಟ್ ಹಲಗೆಯ ಮೇಲೆ. ಬೋಲ್ಟ್ ಬಿಗಿಯಾದಂತೆಲ್ಲ ನಟ್ ಹಲಗೆಯೊಳಕ್ಕೆ ಎಳೆದುಕೊಳ್ಳುತ್ತದೆ, ಹಲ್ಲು ಇನ್ನೂ ಚೆನ್ನಾಗಿ ಕಚ್ಚುತ್ತದೆ. ಚಕ್ರದ ಕಡೆಯೇ ನಟ್ ಹಾಕಿದರೆ ಎಳೆದಾಗ ಹಲ್ಲು ಕಿತ್ತು ಹೊರಗೆ ಬರುತ್ತದೆ. ಬರುವ ದೂರುಗಳಲ್ಲಿ ಅರ್ಧದಷ್ಟಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ.

ಸುತ್ತಿಗೆಯಲ್ಲಿ ಜೋರಾಗಿ ಬಡಿದು ಕೂರಿಸಬೇಡಿ, ಸೊಟ್ಟಗಾಗುತ್ತದೆ. ಮೆಲ್ಲಗೆ ಎರಡು ಏಟು ಕೊಟ್ಟು ಹಲ್ಲಿನ ತುದಿ ಮರಕ್ಕೆ ತಾಗಿಸಿ. ಆಮೇಲೆ ಕೆಳಗಿನಿಂದ ಒಂದು ಬೇರೆ ಬೋಲ್ಟ್‌ಗೆ ಅಗಲ ವಾಷರ್ ಹಾಕಿ, ಸ್ಪ್ಯಾನರಿನಲ್ಲಿ ತಿರುಗಿಸುತ್ತಾ ನಟ್ಟನ್ನು ಎಳೆದುಕೊಳ್ಳಿ. ತಗಡು ಹಲಗೆಗೆ ಸಮನಾಗಿ ಕೂತ ಮೇಲೆ ಆ ಬೋಲ್ಟ್ ತೆಗೆದು ಚಕ್ರ ಹಾಕಿ. ಚಕ್ರದ ಬೋಲ್ಟನ್ನು ಮೊದಲ ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಿ. ಓರೆಯಾಗಿ ಹಿಡಿದುಕೊಂಡಿದ್ದನ್ನು ಸ್ಪ್ಯಾನರಿನಲ್ಲಿ ಒತ್ತಿದರೆ ಒಳಗೆ ನಟ್ಟೇ ತಿರುಗಲು ಶುರುವಾಗುತ್ತದೆ. ಆಮೇಲೆ ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಗಟ್ಟಿ ಮರದ ಕಾಲಾದರೆ ಇನ್ಸರ್ಟ್ ನಟ್. ಕಾಲಿನ ಅಡಿ ತುದಿಯಲ್ಲಿ ಸ್ಕ್ರೂ ನಾರಿನ ಜೊತೆಗೇ ಉದ್ದಕ್ಕೆ ಇಳಿಯುತ್ತದೆ, ನಾರನ್ನು ಅಡ್ಡ ಹಿಡಿಯುವುದಿಲ್ಲ. ಅದಕ್ಕೇ ಅಲ್ಲಿ ಬರೀ ವುಡ್ ಸ್ಕ್ರೂ ನಿಲ್ಲುವುದಿಲ್ಲ. ಇನ್ಸರ್ಟ್ ನಟ್‌ಗೆ ಅಗಲದ ಸುತ್ತುಗಳಿರುವುದರಿಂದ ಹಿಡಿತ ಜಾಸ್ತಿ. ತೂತಿನ ಅಳತೆ ಹೊರಸುತ್ತುಗಳ ತುದಿಯದ್ದಲ್ಲ, ಸುತ್ತುಗಳ ನಡುವಿನ ಒಡಲಿನದ್ದು. ತೂತು ನೇರ ಇರಬೇಕು, ಪಕ್ಕದಲ್ಲಿ ಯಾರಾದರೂ ನಿಂತು ನೋಡುತ್ತಿದ್ದರೆ ಒಳ್ಳೆಯದು. ಕಾಲಿನ ತುದಿಗೆ ಕ್ಲಾಂಪ್ ಬಿಗಿದುಕೊಳ್ಳಿ, ಸೀಳುವುದಿಲ್ಲ. ನಟ್ಟಿಗೆ ಎರಡು ಭಾಗದ ಎಪಾಕ್ಸಿ ಅಂಟು ತೆಳ್ಳಗೆ ಹಚ್ಚಿ, ಅಲೆನ್ ಕೀಯಲ್ಲಿ ನಿಧಾನಕ್ಕೆ ಇಳಿಸಿ. ಅಂಟು ಒಳಗಿನ ಸುತ್ತುಗಳಿಗೆ ಹರಿಯದ ಹಾಗೆ ನೋಡಿಕೊಳ್ಳಿ.

ಕಬ್ಬಿಣದ ಪೈಪ್ ಕಾಲಿಗೆ ಮರದ ತುಂಡು ತುರುಕಿ ಸ್ಕ್ರೂ ಹಾಕುವ ರೂಢಿ ಇದೆ. ಅದು ನಿಲ್ಲುವುದಿಲ್ಲ. ಪೈಪಿನ ಒಳ ಅಳತೆಗೆ ಹೊಂದುವ, ಮಧ್ಯೆ ನಟ್ ಕೂತಿರುವ ಪ್ಲಾಸ್ಟಿಕ್ ಪ್ಲಗ್ ಸಿಗುತ್ತದೆ, ದುಂಡಗಿನದೂ ಚೌಕದ್ದೂ. ಪೈಪಿನ ಹೊರ ಅಳತೆಯಷ್ಟೇ ಅಲ್ಲ, ತಗಡಿನ ದಪ್ಪವನ್ನೂ ಅಳೆದುಕೊಂಡು ಹೋಗಿ.

ಆಫೀಸ್ ಕುರ್ಚಿಯ ಚಕ್ರ ಕೇಳುವವರೂ ಬಹಳ. ಅದಕ್ಕೆ ಸುತ್ತೇ ಇಲ್ಲ. ಸಾಮಾನ್ಯವಾಗಿ 11 ಮಿ.ಮೀ. ದಪ್ಪ, 22 ಮಿ.ಮೀ. ಉದ್ದದ ನುಣುಪು ಕಡ್ಡಿ, ಅದರ ಮೇಲೊಂದು ಸ್ಪ್ರಿಂಗ್ ಬಳೆ. ಕುರ್ಚಿ ಮಗುಚಿ ಹಳೆಯದನ್ನು ನೇರ ಎಳೆಯಿರಿ. ಬರದಿದ್ದರೆ ಬಟ್ಟೆ ಮಡಚಿಟ್ಟು ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಮೀಟಿ. ಹೊಸದನ್ನು "ಟಕ್" ಅನ್ನುವವರೆಗೆ ಒತ್ತಿ. ಕೆಲವು ಕುರ್ಚಿಗಳದ್ದು 10 ಮಿ.ಮೀ. ಇರುತ್ತದೆ, ಹಳೆಯದನ್ನು ಅಳೆದೇ ಹೊಸದು ತನ್ನಿ.

6. ಬೀರು, ಡ್ರಾಯರ್‌ಗೆ ನಾಬ್ ಮತ್ತು ಹ್ಯಾಂಡಲ್

ಇಲ್ಲಿ ಎಲ್ಲವೂ ಸ್ಕ್ರೂವಿನ ಉದ್ದದ ಮೇಲೆ ನಿಂತಿದೆ. ಸ್ಕ್ರೂವನ್ನು ಬರಿಗೈಯಲ್ಲಿ ನಾಬ್‌ಗೆ ಕೊನೆಯವರೆಗೆ ತಿರುಗಿಸಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಮಾಡಿ, ತೆಗೆದು ಅಳೆಯಿರಿ. ನಾಬ್‌ನ ಆಳ ಅಷ್ಟು. ಹಲಗೆಯ ದಪ್ಪಕ್ಕೆ ಈ ಆಳ ಸೇರಿಸಿ, ಒಂದೆರಡು ಮಿ.ಮೀ. ಕಳೆಯಿರಿ. ಬರುವುದೇ ನಿಮಗೆ ಬೇಕಾದ ಉದ್ದ. ಮೈಕಾ ಸೇರಿ 20 ಮಿ.ಮೀ. ಬಾಗಿಲಿಗೆ ನಾಬ್ ಜೊತೆ ಬರುವ 25 ಮಿ.ಮೀ. ಸ್ಕ್ರೂ ಸಾಕು, 5 ಮಿ.ಮೀ. ಒಳಗೆ ಹೋಗುತ್ತದೆ. ಅದಕ್ಕಿಂತ ಕಮ್ಮಿ ಬೇಡ. ಡ್ರಾಯರ್‌ನಲ್ಲಿ ಹಾಗಲ್ಲ. ಹೊರಗಿನ ಮುಖದ ಹಲಗೆ 18, ಒಳಗಿನ ಪೆಟ್ಟಿಗೆಯ ಹಲಗೆ 12, ಎರಡನ್ನೂ ದಾಟಬೇಕು. ಅಲ್ಲಿಗೆ 40 ಮಿ.ಮೀ. ಸ್ಕ್ರೂ ಬೇರೆಯಾಗಿ ಕೊಳ್ಳಬೇಕು.

ಸ್ಕ್ರೂ ಉದ್ದವಾದರೆ ಏನಾಗುತ್ತದೆ ಗೊತ್ತಾ? ಅದರ ತುದಿ ನಾಬ್‌ನ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾದ ಹಾಗೆ ಅನಿಸುತ್ತದೆ, ಆದರೆ ನಾಬ್ ಹಲಗೆಗೆ ತಾಗಿರುವುದೇ ಇಲ್ಲ. ಎಷ್ಟು ಬಿಗಿ ಮಾಡಿದರೂ ನಾಬ್ ಅಲುಗಾಡುತ್ತದೆ ಎನ್ನುವವರ ತೊಂದರೆ ಇದೇ. ಇನ್ನೂ ಬಲ ಹಾಕಿದರೆ ಪಿಂಗಾಣಿ ನಾಬ್ ಬಿರುಕು ಬಿಡುತ್ತದೆ. ಹಿಂದೆ ಒಂದೆರಡು ವಾಷರ್ ಹಾಕಿದರೆ ಸರಿಹೋಗಬಹುದು. ಇಲ್ಲವೇ ಸ್ಕ್ರೂ ಕತ್ತರಿಸಿ. ಕತ್ತರಿಸುವ ಮುಂಚೆ ಅದಕ್ಕೊಂದು ನಟ್ ತಿರುಗಿಸಿ ತಲೆಯ ಹತ್ತಿರ ಒಯ್ದಿಡಿ. ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಅರದಿಂದ ಅಂಚು ಉಜ್ಜಿ, ಆಮೇಲೆ ಆ ನಟ್ಟನ್ನು ತುದಿಯ ಕಡೆಗೆ ತಿರುಗಿಸಿ ಹೊರತೆಗೆಯಿರಿ. ಕತ್ತರಿಸುವಾಗ ಮುದುಡಿದ ಸುತ್ತುಗಳನ್ನು ಅದು ನೆಟ್ಟಗೆ ಮಾಡಿಕೊಂಡೇ ಬರುತ್ತದೆ.

ಹ್ಯಾಂಡಲ್‌ಗೆ ಎರಡು ಸ್ಕ್ರೂ. ಅವುಗಳ ನಡುವಿನ ದೂರವನ್ನು ತೂತಿನ ಮಧ್ಯದಿಂದ ತೂತಿನ ಮಧ್ಯಕ್ಕೆ ಅಳೆಯುತ್ತಾರೆ. 96, 128, 160, 192, 224 ಮಿ.ಮೀ., ಎಲ್ಲವೂ 32ರ ಮಗ್ಗಿ. ಮಾತಿನಲ್ಲಿ 96ಕ್ಕೆ "ನಾಲ್ಕು ಇಂಚು", 160ಕ್ಕೆ "ಆರು ಇಂಚು" ಅನ್ನುತ್ತಾರೆ. ಅದನ್ನು ನಂಬಿ ಇಂಚು ಟೇಪಿನಲ್ಲಿ ಅಳೆದು ತೂತು ಮಾಡಬೇಡಿ. ನಾಲ್ಕು ಇಂಚು ಅಂದರೆ 101.6 ಮಿ.ಮೀ., ಐದೂವರೆ ಮಿ.ಮೀ. ತಪ್ಪಿಹೋಗುತ್ತದೆ. ಮೈಕಾ ಮೇಲಿನ ತಪ್ಪು ತೂತು ಮುಚ್ಚುವುದು ಎಷ್ಟು ಕಷ್ಟ ಅಂತ ಒಮ್ಮೆ ಅನುಭವಿಸಿದವರಿಗೆ ಗೊತ್ತು.

ತೂತಿನ ಜಾಗಕ್ಕೆ ರಟ್ಟಿನ ಅಚ್ಚು ಮಾಡಿಕೊಳ್ಳಿ. ಗಟ್ಟಿ ರಟ್ಟಿನ ಮೇಲೆ ಬಾಗಿಲಿನ ಮೂಲೆಯಿಂದ ಎಷ್ಟು ದೂರ, ಎಷ್ಟು ಎತ್ತರ ಅಂತ ಗುರುತು ಹಾಕಿ ತೂತು ಮಾಡಿ. ಪ್ರತಿ ಬಾಗಿಲಿಗೂ ಅದನ್ನೇ ಮೂಲೆಗೆ ಒತ್ತಿಟ್ಟು ಚುಚ್ಚಿ. ಎಡ ಬಾಗಿಲಿಗೆ ಅಚ್ಚನ್ನು ಮಗುಚಬೇಕು, ಅದನ್ನು ಮರೆಯಬೇಡಿ. ಮೇಲಿನ ಕಪಾಟಿನ ಬಾಗಿಲಿಗೆ ನಾಬ್ ಕೆಳ ಮೂಲೆಯಲ್ಲಿ, ಕೆಳಗಿನ ಕಪಾಟಿಗೆ ಮೇಲಿನ ಮೂಲೆಯಲ್ಲಿ, ಹಿಂಜ್‌ನ ಎದುರು ಬದಿಗೆ. ಅಂಚಿನಿಂದ 50ರಿಂದ 75 ಮಿ.ಮೀ. ಒಳಗೆ ಇದ್ದರೆ ಕೈಗೆ ಹಿತ. ಎರಡು ಅಡಿಗಿಂತ ಅಗಲದ ಡ್ರಾಯರ್‌ಗೆ ಎರಡು ನಾಬ್ ಅಥವಾ ಒಂದು ಉದ್ದ ಹ್ಯಾಂಡಲ್ ಹಾಕಿ.

ಎಂ4 ಸ್ಕ್ರೂಗೆ 4.5 ಮಿ.ಮೀ. ಬಿಟ್. ತೂತಿನ ಜಾಗದ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ. ಹಿಂದೆ ಒಂದು ಪ್ಲೈವುಡ್ ತುಂಡನ್ನು ಬಿಗಿಯಾಗಿ ಒತ್ತಿ ಹಿಡಿಯಿರಿ. ಬಾಗಿಲಿನ ಮುಂದಿನ ಮುಖದಿಂದಲೇ ಡ್ರಿಲ್ ಮಾಡಿ. ಬಿಟ್ ಹೊರಬೀಳುವ ಕಡೆ ಮೈಕಾ ಸಿಪ್ಪೆ ಏಳುತ್ತದೆ, ಹಿಂದೆ ತುಂಡು ಇದ್ದರೆ ಏಳುವುದಿಲ್ಲ.

ಒಂದೇ ಸ್ಕ್ರೂ ಇರುವ ನಾಬ್ ದಿನವೂ ಕೈಯಾಡಿ ತಿರುಗಿ ಸಡಿಲವಾಗುವುದು ಸಹಜ. ಹಿಂದೆ ಸ್ಪ್ರಿಂಗ್ ವಾಷರ್ ಹಾಕಿ, ಇಲ್ಲವೇ ಸ್ಕ್ರೂವಿನ ಸುತ್ತುಗಳಿಗೆ ಒಂದು ಹನಿ ಥ್ರೆಡ್ ಲಾಕರ್ ಹಾಕಿ. ಸ್ಕ್ರೂ ತಾನಾಗಿ ಬಿಚ್ಚದಂತೆ ಹಿಡಿದಿಡುವ ದ್ರವ ಅದು. ನೀಲಿ ಬಣ್ಣದ್ದು ಕೇಳಿ, ಬೇಕಾದಾಗ ಸ್ಕ್ರೂಡ್ರೈವರಿನಲ್ಲಿ ಬಿಚ್ಚಬಹುದು. ಕೆಂಪು ಬಣ್ಣದ್ದು ಬಿಸಿ ಮಾಡದೆ ಬರುವುದಿಲ್ಲ.

7. ಕೋಣೆಯ ಬಾಗಿಲಿನ ನಾಬ್ ಸಡಿಲವಾದರೆ

ದುಂಡು ನಾಬ್ ಬೀಗದಲ್ಲಿ ಕೋಣೆಯ ಒಳಗಿನ ನಾಬ್‌ನ ಕುತ್ತಿಗೆಯಲ್ಲಿ ಒಂದು ಚಿಕ್ಕ ತೂತು ಇರುತ್ತದೆ. ಪಿನ್ನಿನಲ್ಲಿ ಒತ್ತಿ ನಾಬ್ ಎಳೆದರೆ ಬರುತ್ತದೆ. ಹಿಂದಿನ ದುಂಡು ಮುಚ್ಚಳ ಮೀಟಿ ತೆಗೆದರೆ ಎರಡು ಉದ್ದ ಸ್ಕ್ರೂ ಕಾಣುತ್ತವೆ, ಎರಡನ್ನೂ ಸಮನಾಗಿ ಬಿಗಿ ಮಾಡಿ. ತೀರಾ ಬಿಗಿ ಮಾಡಿದರೆ ನಾಬ್ ತಿರುಗಿ ವಾಪಸ್ ಬರುವುದಿಲ್ಲ. ಉದ್ದ ಹಿಡಿಯ ಹ್ಯಾಂಡಲ್ ಆದರೆ ಕುತ್ತಿಗೆಯ ಕೆಳಗಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಅಲೆನ್ ಕೀಯಲ್ಲಿ ಬಿಗಿ ಮಾಡಿ. ಅದು ಒಳಗಿನ ಚೌಕದ ಕಡ್ಡಿಯ ಚಪ್ಪಟೆ ಮೈಗೆ ತಾಗಬೇಕು, ಮೂಲೆಗಲ್ಲ.

ಹೊಸ ನಾಬ್ ಕೊಳ್ಳುವುದಾದರೆ ಬಾಗಿಲಿನ ಅಂಚಿನಿಂದ ದೊಡ್ಡ ತೂತಿನ ಮಧ್ಯದವರೆಗೆ ಅಳೆಯಿರಿ. 60 ಅಥವಾ 70 ಮಿ.ಮೀ. ಇರುತ್ತದೆ. ಅದು ಹೊಂದದಿದ್ದರೆ ಬೀಗ ಕೂರುವುದಿಲ್ಲ.

ಮುಖ್ಯ ಬಾಗಿಲಿನ ಭಾರದ ಹಿಡಿಗೆ ಆರುಪಾರು ಬೋಲ್ಟೇ ಸರಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕುಗ್ಗುತ್ತದೆ. ಆಗ ಬಿಗಿಯಾಗಿದ್ದ ಸ್ಕ್ರೂ ಸಡಿಲವಾಗುತ್ತದೆ. ಯುಗಾದಿಯ ಹೊತ್ತಿಗೆ ಮನೆ ಒರೆಸಿ ತೊಳೆಯುವಾಗ ಒಂದು ಸುತ್ತು ಎಲ್ಲ ಹಿಡಿಗಳನ್ನೂ ಬಿಗಿ ಮಾಡಿಬಿಡಿ.

8. ಸ್ಕ್ರೂ ಕಿತ್ತು ಬಂದ ತೂತು

ಅದೇ ತೂತಿಗೆ ಅದೇ ಸ್ಕ್ರೂ ಹಾಕಬೇಡಿ. ದಪ್ಪ ಸ್ಕ್ರೂ ಹಾಕುವುದೂ ನಾಲ್ಕು ದಿನದ ಮಾತು. ಹಗುರ ಕೆಲಸವಾದರೆ ತೂತಿಗೆ ಮರದ ಅಂಟು ಸುರಿದು, ಮದ್ದು ಕಿತ್ತ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುರುಕಿ, ಅಂಚಿಗೆ ಸಮ ಕತ್ತರಿಸಿ. ಒಂದು ದಿನ ಬಿಟ್ಟು ಹೊಸದಾಗಿ ಸಣ್ಣ ತೂತು ಮಾಡಿ ಸ್ಕ್ರೂ ಹಾಕಿ. ಹಿಂಜ್, ಭಾರದ ಹಿಡಿಗೆ ಇದು ಸಾಲದು. 8 ಮಿ.ಮೀ. ತೂತು ಮಾಡಿ, ಅದೇ ದಪ್ಪದ ದುಂಡು ಮರದ ಗೂಟಕ್ಕೆ ಅಂಟು ಹಚ್ಚಿ ಹೊಡೆದು, ಒಣಗಿದ ಮೇಲೆ ಅದರೊಳಗೆ 2.5 ಮಿ.ಮೀ. ತೂತು ಮಾಡಿ. ಗೋಡೆಗೆ ಹಾಕುವ ಪ್ಲಾಸ್ಟಿಕ್ ಗಿಟ್ಟಿಯನ್ನು ಮರಕ್ಕೆ ಹಾಕಬೇಡಿ. ಅದು ಅರಳಲು ಸುತ್ತ ಗಾರೆಯಷ್ಟು ಗಟ್ಟಿ ಜಾಗ ಬೇಕು.

ಚಕ್ರದ ತೂತು ಕಿತ್ತುಹೋಗಿದ್ದರೆ ಬೆಂಕಿಕಡ್ಡಿಯೂ ಬೇಡ, ಗೂಟವೂ ಬೇಡ. ಆರುಪಾರು ಬೋಲ್ಟ್‌ಗೆ ಬದಲಾಯಿಸಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಸ್ಕ್ರೂ ಕೊಳ್ಳುವಾಗ ಸ್ಟೀಲ್‌ನ ನಂಬರ್ ಕೇಳಿ. 304 ಬೇಕು. 202 ಅಗ್ಗ, ಆದರೆ ಉಪ್ಪು ಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಆಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲ್ ಅಂತ ಕೆಲವರು ಪರೀಕ್ಷೆ ಮಾಡಿ ತೋರಿಸುತ್ತಾರೆ. ಆ ಪರೀಕ್ಷೆಯಲ್ಲಿ 202 ಕೂಡ ಪಾಸಾಗುತ್ತದೆ, ಅದೊಂದನ್ನೇ ನಂಬಬೇಡಿ. ಬಿಲ್ಲಿನ ಮೇಲೆ ನಂಬರ್ ಬರೆಸಿಕೊಳ್ಳಿ.